ಗವಿಯ ಒದ್ದೆ ಬಟ್ಟೆ

ಗವಿ ಕಚೇರಿಯ ವಸತಿಗೃಹ
ಮಾರ್ಚ್ 16, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ಇಪ್ಪತ್ತೆರಡು ದಿನವಾಯಿತು. ತಡವಾದದ್ದಕ್ಕೆ ಬೈಯಬೇಡ ಎನ್ನುವುದಿಲ್ಲ, ಬೈದುಕೊಂಡೇ ಓದು. ನಾಲ್ಕು ಸಲ ಶುರು ಮಾಡಿ ಹರಿದು ಹಾಕಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೆಯ ನಿಮಿಷಕ್ಕೆ ಜಗಳಕ್ಕೆ ಬೀಳುತ್ತೇವೆ, ನಾಲ್ಕನೆಯ ನಿಮಿಷಕ್ಕೆ ಇಲ್ಲಿ ಸಿಗ್ನಲ್ ಹೋಗುತ್ತದೆ. ಆಮೇಲೆ ನಾನು ಫೋನಿಟ್ಟೆ ಎಂದು ನೀನು, ನೀನಿಟ್ಟೆ ಎಂದು ನಾನು ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿರುತ್ತೇವೆ. ಕಾಗದವೇ ವಾಸಿ. ಕಾಲಿನ ಪ್ಲಾಸ್ಟರ್ ಬಿಚ್ಚಿದರೇ? ಬಾವನೇ ಅಡುಗೆ ಮಾಡುತ್ತಿದ್ದಾರೆ ಎಂದು ಬರೆದಿದ್ದೀಯ. ಹಾಗಾದರೆ ನೀನು ಬೇಗ ಎದ್ದು ಓಡಾಡುವುದು ಖಂಡಿತ.

‘ಮೇಡಂ ಅವರಿಗೆ’ ಎಂದು ಶುರು ಮಾಡಿದ್ದೀಯ. ನಿನಗೆ ನಿಜವಾಗಿ ಸಿಟ್ಟು ಬಂದಾಗ ಮಾತ್ರ ನಾನು ಮೇಡಂ ಆಗುತ್ತೇನೆ, ಗೊತ್ತು. ‘ಮೂರು ವರ್ಷ ಅಪ್ಪ ಒಂದ್ಸಲ ಗವಿ ನೋಡ್ಬೇಕು ಅಂತ ಅಂಗಲಾಚಿದ್ರು, ನೀನು ರೂಲ್ಸು ರೂಲ್ಸು ಅಂದೆ. ಕೊನೆಗೆ ನಿಮ್ಮ ದೊಡ್ಡ ಸಾಹೇಬರೇ ಜೀಪ್ ಕಳಿಸಿದ್ರು. ಹೋಗುವಾಗ ಮದುಮಗನ ಥರ ಹೋದೋರು, ಬರುವಾಗ ಬಾಯಿಗೆ ಬೀಗ ಹಾಕ್ಕೊಂಡು ಬಂದಿದ್ದಾರೆ. ಊಟ ಅಂದ್ರೂ ಹೂಂ, ಬೇಡ್ವಾ ಅಂದ್ರೂ ಹೂಂ. ಹನ್ನೊಂದು ದಿನ ಆಯ್ತು. ಅಲ್ಲಿ ಏನ್ ಮಾಡ್ದೆ ಕಣೆ ನೀನು?’ ಈ ವಾಕ್ಯಗಳನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ, ನಿನ್ನ ಪೆನ್ನು ಎಲ್ಲಿ ಕಾಗದಕ್ಕೆ ಚುಚ್ಚಿದೆ ಎನ್ನುವುದೂ ಬಾಯಿಪಾಠವಾಗಿದೆ.

ಉತ್ತರ ಕೊಡುವ ಮುಂಚೆ ಇಲ್ಲಿಯ ವಿಷಯ ಸ್ವಲ್ಪ ಹೇಳುತ್ತೇನೆ. ನೆಪ ಅಂದುಕೊಳ್ಳಬೇಡ.

ಗೋಡೆಯ ಚಿತ್ರಗಳು ಕೆಡದಿರಲೆಂದು ಗವಿಗೆ ನಾವು ವರ್ಷಕ್ಕೆ ಇಷ್ಟೇ ನಿಮಿಷ ಎಂದು ಗೊತ್ತು ಮಾಡಿದ್ದೇವೆ. ಒಬ್ಬರು ಒಂದು ನಿಮಿಷ ಒಳಗಿದ್ದರೆ ಅಷ್ಟು ಉಸಿರು, ಅಷ್ಟು ಬಿಸಿ, ಅಷ್ಟು ತೇವ. ಅದಕ್ಕೊಂದು ಪುಸ್ತಕವಿದೆ; ಯಾರು ಹೋದರು, ಎಷ್ಟು ಹೊತ್ತಿದ್ದರು ಎಂದು ಬರೆದು ನಾನು ಸಹಿ ಹಾಕುತ್ತೇನೆ. ಗವಿಯ ಮಟ್ಟಿಗೆ ನಾನೇ ಯಮನ ಲೆಕ್ಕಿಗ. ಹಾಗೆಂದು ನನ್ನ ಮಾತು ನಡೆಯುತ್ತದೆಯೇ? ಹೋದ ತಿಂಗಳು ನಿರ್ದೇಶಕರ ಪರಿಚಯದವರೊಬ್ಬರ ಮದುವೆ ವಾರ್ಷಿಕೋತ್ಸವಕ್ಕೆ ಹದಿನೆಂಟು ನಿಮಿಷ ಹೋಯಿತು. ಹೆಂಡತಿ ಸುಗಂಧ ಹಾಕಿಕೊಂಡು ಬಂದಿದ್ದರು. ಒಳಗೆ ತೇವ ಅಳೆಯುವ ಯಂತ್ರಕ್ಕೆ ಬ್ಯಾಟರಿ ಬೇಕೆಂದು ಬರೆದು ಏಳು ತಿಂಗಳಾಯಿತು. ‘ಹಳೆಯ ಬ್ಯಾಟರಿ ಖಾಲಿಯಾಗಿರುವುದಕ್ಕೆ ದಾಖಲೆ ಲಗತ್ತಿಸಿ’ ಎಂದು ಕಡತ ವಾಪಸ್ ಬಂದಿದೆ. ಖಾಲಿ ಬ್ಯಾಟರಿಯನ್ನೇ ಕಡತಕ್ಕೆ ಟೇಪು ಹಚ್ಚಿ ಕಳಿಸಿದೆ. ಅದೂ ಬಂದಿಲ್ಲ, ಇದೂ ಬಂದಿಲ್ಲ.

ಅಪ್ಪನಿಗೆ ನಾನು ಬೇಡ ಎಂದದ್ದು ಈ ನಿಯಮಕ್ಕಾಗಿ ಅಲ್ಲ, ಅಕ್ಕ. ಮೂರು ವರ್ಷದಲ್ಲಿ ಹನ್ನೆರಡು ನಿಮಿಷ ಹೊಂದಿಸಲಾಗದಷ್ಟು ಕೈಲಾಗದವಳಲ್ಲ ನಾನು. ಬೇಡ ಎಂದದ್ದು ಗೋಡೆಗಾಗಿ. ಅವರು ಆ ಗೋಡೆಯನ್ನು ನೋಡಬಾರದಿತ್ತು.

ನಿನಗೆ ಬಟ್ಟೆ ನೆನಪಿದೆಯಲ್ಲ? ಅಮ್ಮ ಮನೆಯ ಹಳೆಯ ಹಾಸಿಗೆ ಹೊದಿಕೆಗಳಲ್ಲಿ ಎಲ್ಲಕ್ಕಿಂತ ಮೆತ್ತಗಿನದನ್ನು ಆರಿಸಿ, ಚೌಕವಾಗಿ ಕತ್ತರಿಸಿ, ಅಂಚು ಹೊಲಿದು ಕೊಡುತ್ತಿದ್ದಳು. ಸೋಪು ಹಾಕದೆ ಒಗೆಯುತ್ತಿದ್ದಳು. ‘ಸೋಪು ತಾಗಿದ್ರೆ ನಿಮ್ಮಪ್ಪನ ಜಿಂಕೆಗಳಿಗೆ ಕಣ್ಣು ಉರಿಯುತ್ತಂತೆ’ ಎಂದು ನಗುತ್ತಿದ್ದಳು. ನೀನು ನೀರು ಕುದಿಸಿ ಆರಿಸುತ್ತಿದ್ದೆ. ಸಂದರ್ಶಕರ ಗುಂಪು ಒಳಗೆ ಬಂದ ಮೇಲೆ ಅಪ್ಪ ಬಕೀಟಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಎಳೆಗೂಸಿನ ಬೆನ್ನು ಒರೆಸುವ ಹಾಗೆ ಗೋಡೆಯ ಮೇಲೆ ಆಡಿಸುತ್ತಿದ್ದರು. ಮಂಕಾಗಿದ್ದ ಕಲ್ಲಿನೊಳಗಿಂದ ಕೆಂಪು ಜಿಂಕೆಗಳು ಒಂದೊಂದಾಗಿ ಎದ್ದು ಬರುತ್ತಿದ್ದವು. ಹನ್ನೊಂದು. ಕೊನೆಯದು ಹಿಂದೆ ತಿರುಗಿ ನೋಡುವ ಹೆಣ್ಣು ಜಿಂಕೆ. ಅದು ಎದ್ದು ಬಂದಾಗ ಜನ ಹಾ ಎನ್ನುತ್ತಿದ್ದರು, ಅಪ್ಪ ತಾವೇ ಅದನ್ನು ಹೆತ್ತವರ ಹಾಗೆ ನಿಲ್ಲುತ್ತಿದ್ದರು. ಮೂವತ್ತೊಂದು ವರ್ಷದ ಕಾವಲು ಕೆಲಸ. ಜಗತ್ತಿನ ಪುಸ್ತಕಗಳಲ್ಲೆಲ್ಲ ಇರುವ ನಮ್ಮ ಗವಿಯ ಫೋಟೋಗಳು ಅಪ್ಪ ಬಟ್ಟೆ ಆಡಿಸಿದ ಮರುಗಳಿಗೆ ತೆಗೆದವು.

ನೀರು ಶುದ್ಧವಾದರೇನು, ಕುದಿಸಿದರೇನು? ಕಲ್ಲಿನೊಳಗೆ ಇಳಿದ ನೀರು ಒಣಗುವಾಗ ಒಳಗಿನ ಸುಣ್ಣವನ್ನೂ ಉಪ್ಪನ್ನೂ ಮೇಲಕ್ಕೆ ಎಳೆದು ತರುತ್ತದೆ. ಚಿತ್ರದ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಒದ್ದೆಯಿದ್ದಾಗ ಪೊರೆಯ ಹಿಂದಿನದು ಕಾಣುತ್ತದೆ, ಒಣಗಿದರೆ ಕಾಣದು. ಅದಕ್ಕೇ ವರ್ಷದಿಂದ ವರ್ಷಕ್ಕೆ ಅಪ್ಪ ಹೆಚ್ಚು ಹೆಚ್ಚು ಒರೆಸಬೇಕಾಯಿತು, ಒರೆಸಿದಷ್ಟೂ ಪೊರೆ ದಪ್ಪವಾಯಿತು. ಅವರು ನಿವೃತ್ತರಾಗುವ ಮುಂಚೆ ‘ಇನ್ನು ನೀರು ಬೇಡ’ ಎಂದು ಆದೇಶ ಬಂತು. ಏಕೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಈಗ ಹನ್ನೊಂದರಲ್ಲಿ ನಾಲ್ಕು ಜಿಂಕೆ ಅರೆಬರೆ ಕಾಣುತ್ತವೆ. ಹಿಂದೆ ತಿರುಗಿ ನೋಡುವವಳು ಪೂರ್ತಿ ಹೋಗಿದ್ದಾಳೆ.

ಇಷ್ಟು ವರ್ಷ ಅವರ ಕಣ್ಣಿನಲ್ಲೇ ಪೊರೆ ಇದ್ದದ್ದು ನನಗೆ ಒಳಗೊಳಗೇ ಅನುಕೂಲವಾಗಿತ್ತು ಎಂದರೆ ನೀನು ನನ್ನನ್ನು ಕ್ಷಮಿಸುತ್ತೀಯಾ? ನೀನು ಆಪರೇಷನ್ ಮಾಡಿಸಿದೆ. ಮಾಡಿಸಬೇಕಾದ್ದೇ. ಅವರು ಈಗ ಔಷಧಿ ಬಾಟಲಿ, ಬಸ್ ಟಿಕೆಟ್, ಕ್ಯಾಲೆಂಡರಿನ ಬುಡದ ಪ್ರೆಸ್ಸಿನ ಹೆಸರು, ಎಲ್ಲವನ್ನೂ ಗಟ್ಟಿಯಾಗಿ ಓದುತ್ತಾರೆ ಎಂದು ಬರೆದಿದ್ದೀಯ. ಇಲ್ಲಿ ಜೀಪಿನಿಂದ ಇಳಿದವರೇ ನನಗೆ ಹೇಳಿದ್ದೂ ಅದೇ: ‘ಡಾಕ್ಟರು ಬೋರ್ಡು ಹಿಡಿದ್ರು ಕಣೆ, ಕೊನೇ ಸಾಲಿನ ತನಕ ಓದ್ಬಿಟ್ಟೆ! ಡಾಕ್ಟರೇ, ಇನ್ನೂ ಸಣ್ಣದಿದ್ರೆ ತನ್ನಿ ಅಂದೆ!’

ನಕಲು ಗವಿಯ ಉದ್ಘಾಟನೆಗೆ ಹಳೆಯ ಕಾವಲುಗಾರರಿಗೆ ಸನ್ಮಾನ ಎಂದು ನಿರ್ದೇಶಕರು ತೀರ್ಮಾನಿಸಿದ್ದು ನನ್ನನ್ನು ಕೇಳಿ ಅಲ್ಲ. ನಿಜವಾದ ಗವಿ ಇನ್ನು ಜನರಿಗೆ ಬಂದ್. ಅದರ ಬದಲು ವಾಹನ ನಿಲ್ಲಿಸುವ ಜಾಗದ ಪಕ್ಕದಲ್ಲಿ ಫೈಬರ್ ಗವಿ ಕಟ್ಟಿದ್ದಾರೆ. ‘ಫೋಟೋಗ್ರಾಫರ್ ಇರ್ತಾರೆ, ಅಪ್ಪ ಮಗಳು ಇಬ್ರೂ ಒಳಗೆ ಹೋಗಿ ಬನ್ನಿ ಮೇಡಂ, ಚೆನ್ನಾಗಿರುತ್ತೆ’ ಎಂದರು. ನಾನು ವಾದ ಮಾಡಿದೆ. ‘ಸ್ವಂತ ತಂದೆಗೇ ಇಷ್ಟು ಸ್ಟ್ರಿಕ್ಟಾ? ಭೇಷ್!’ ಎಂದು ನಕ್ಕರು.

ಹನ್ನೆರಡು ನಿಮಿಷ. ಪಾದಕ್ಕೆ ಚೀಲ, ಮೂಗಿಗೆ ಮುಸುಕು, ತಲೆಗೆ ದೀಪ. ಅಪ್ಪ ಒಳಗೆ ಬಂದೊಡನೆ ಎಡಗೈಯನ್ನು ಕೆಳಗೆ ಚಾಚಿದರು. ಬಕೀಟು ಇರುತ್ತಿದ್ದ ಜಾಗ ಅದು. ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತ್ತು.

ಗೋಡೆಯನ್ನು ತುಂಬಾ ಹೊತ್ತು ನೋಡಿದರು. ‘ನನ್ನ ಕಣ್ಣಿಂದ ತೆಗೆದಿದ್ದು ಇಲ್ಲಿ ಬಂದು ಕೂತಿದೆಯಲ್ಲೇ’ ಎಂದರು. ಆಮೇಲೆ ಎಣಿಸಿದರು. ನಾಲ್ಕರ ನಂತರ ನಿಲ್ಲಿಸಿ ಮತ್ತೆ ಮೊದಲಿನಿಂದ ಎಣಿಸಿದರು. ‘ಮಗಾ, ಒಂದ್ಸಲ ನೀರು ತೋರಿಸಿದ್ರೆ... ಎಲ್ಲಾ ಕಡೆ ಬೇಡ. ಅವಳೊಬ್ಬಳಿಗೆ, ಆ ಮೂಲೇಲಿ. ಬರ್ತಾಳೆ ಅವಳು.’

‘ಆಗಲ್ಲ ಅಪ್ಪ.’

‘ಬರೀ ಬೆರಳು ಒದ್ದೆ ಮಾಡಿ?’

‘ಅಪ್ಪಾ, ಬೇಡ.’

‘ಇದು ಹೇಗಾಯ್ತು?’ ಎಂದು ಕೇಳಿದರು.

ನಾನು ಸುಳ್ಳು ಹೇಳಿದೆ, ಅಕ್ಕ. ಜನರ ಉಸಿರಿನಿಂದ ಎಂದೆ. ಅದೂ ಒಂದು ಕಾರಣವಿರಬಹುದು ಎಂದು ಯಾರಾದರೂ ಕೇಳಿದರೆ ಸಮರ್ಥಿಸಿಕೊಳ್ಳುವಷ್ಟು ಓದಿದ್ದೇನೆ. ಅವರ ಮುಖ ಒಂದು ಕ್ಷಣ ಹಗುರವಾಯಿತು. ‘ಬಡ್ಕೊಂಡೆ ನಾನು ಆಗ್ಲೇ! ಕುರಿ ತುಂಬಿದ ಹಾಗೆ ಜನ ತುಂಬಬೇಡಿ ಅಂತ. ಕೇಳಿದ್ರಾ?’ ಎಂದರು. ಫೋಟೋಗ್ರಾಫರ್ ಆಗಲೇ ಕ್ಲಿಕ್ಕಿಸಿದ್ದು. ಅದು ಪತ್ರಿಕೆಯಲ್ಲಿ ಬಂತು, ನೀನು ಕತ್ತರಿಸಿ ಇಟ್ಟಿದ್ದೀಯಂತೆ. ಆ ಚಿತ್ರದಲ್ಲಿ ಅಪ್ಪ ಸಮಾಧಾನದಿಂದ ಇರುವುದು ನನ್ನ ಸುಳ್ಳಿನಿಂದ.

ಸನ್ಮಾನವಾಯಿತು. ‘ಈ ಅಮೂಲ್ಯ ಪರಂಪರೆಯನ್ನು ಕಣ್ಣಿನ ರೆಪ್ಪೆಯಂತೆ ಕಾಪಾಡಿದವರು’ ಎಂದು ನಿರ್ದೇಶಕರು ಓದಿದರು. ಚೌಕಟ್ಟು ಹಾಕಿದ ಕಾಗದ ಕೊಟ್ಟರು. ನಂತರ ನಕಲು ಗವಿಗೆ ಹೋದೆವು. ಅಲ್ಲಿ ಜಿಂಕೆಗಳು ಹನ್ನೊಂದೂ ಇವೆ, ಮಿರಿಮಿರಿ ಮಿಂಚುತ್ತಿವೆ. ಕಲಾವಿದರು ಹಳೆಯ ಫೋಟೋ ನೋಡಿ ಬರೆದು ಮೇಲೆ ಹೊಳಪಿನ ಲೇಪ ಕೊಟ್ಟಿದ್ದಾರೆ. ಅಪ್ಪನಿಗೆ ಖುಷಿಯೋ ಖುಷಿ. ‘ಈಗ್ತಾನೆ ಯಾರೋ ಬಟ್ಟೆ ಹಾಕಿದ್ದಾರೆ ನೋಡು! ಕೈ ಪಳಗಿದೆ’ ಎಂದರು.

ಪಕ್ಕದಲ್ಲಿ ಬೋರ್ಡು. ಅಪ್ಪ ಬೋರ್ಡನ್ನು ಬಿಡುತ್ತಾರೆಯೇ? ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದರು. ‘ಮೂಲ ಗುಹೆಯ ಚಿತ್ರಗಳ ಮೇಲಿರುವ ಬಿಳಿ ಪೊರೆ ನೈಸರ್ಗಿಕವಲ್ಲ. ದಶಕಗಳ ಕಾಲ ಕಾವಲುಗಾರನು ಅಜ್ಞಾನದಿಂದ ಚಿತ್ರಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದೇ ಸರಿಪಡಿಸಲಾಗದ ಈ ಹಾನಿಗೆ ಕಾರಣ.’ ಶಾಲೆಯ ಹುಡುಗ ಓದುವ ಹಾಗೆ, ಅರ್ಥ ಹಿಂದೆ ಬರಲಿ ಎಂದು ಅಕ್ಷರ ಮುಂದೆ ಓಡುತ್ತಿತ್ತು. ‘ಹಾನಿಗೆ ಕಾರಣ’ದ ಹತ್ತಿರ ಅರ್ಥ ಬಂದು ತಲುಪಿತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ಬೆರಳು ಬೋರ್ಡಿನ ಬುಡದ ತನಕ ಹೋಯಿತು. ‘ಹೊತ್ತಾಯ್ತು, ನಡಿ’ ಎಂದರು. ಕೈಯಲ್ಲಿ ಆ ಚೌಕಟ್ಟು ಇತ್ತು.

ನಡೆದದ್ದು ಇದು. ನಾನು ಏನು ಮಾಡಿದೆ ಎಂದು ಕೇಳಿದ್ದೆಯಲ್ಲ, ಅಂದು ಏನೂ ಮಾಡಲಿಲ್ಲ.

ಮರುದಿನದಿಂದ ಆ ಬೋರ್ಡು ತೆಗೆಸಲು ಓಡಾಡುತ್ತಿದ್ದೇನೆ. ಗೋಡೆಗೆ ತಲೆ ಚಚ್ಚಿಕೊಂಡಿದ್ದರೆ ಗೋಡೆಯಾದರೂ ಸ್ವಲ್ಪ ಅಲುಗುತ್ತಿತ್ತು. ನಿರ್ದೇಶಕರು ಹೇಳುತ್ತಾರೆ, ‘ಹೆಸರು ಹಾಕಿಲ್ಲವಲ್ಲ ಮೇಡಂ, ಕಾವಲುಗಾರ ಅಂದ್ರೆ ಯಾರಾದ್ರೂ ಆಗಬಹುದು.’ ‘ಮೂವತ್ತೊಂದು ವರ್ಷ ಇದ್ದವರು ಒಬ್ಬರೇ ಸರ್, ನೀವೇ ಅವರಿಗೆ ಚೌಕಟ್ಟು ಕೊಟ್ಟಿದ್ದೀರಿ’ ಎಂದೆ. ‘ಅದು ಸನ್ಮಾನ, ಇದು ಸಂಶೋಧನೆ. ಎರಡನ್ನೂ ಬೆರೆಸಬೇಡಿ. ಮೂಲ ಲೇಖಕರು ತಪ್ಪಾಗಿದೆ ಅಂತ ಬರೆದುಕೊಡಲಿ, ಅರ್ಧ ದಿನದಲ್ಲಿ ಬದಲಾಯಿಸ್ತೀನಿ’ ಎಂದರು.

ನಾನು ಬೇರೆ ದಾರಿ ಹಿಡಿದೆ. ಒರೆಸಬೇಕು ಎಂದು ಅಪ್ಪನಿಗೆ ಹೇಳಿದ್ದೇ ಇಲಾಖೆ. ಅವರು ಕೆಲಸಕ್ಕೆ ಸೇರಿದ ವರ್ಷದ ಸುತ್ತೋಲೆಯಲ್ಲಿ ಅದು ಸ್ಪಷ್ಟವಾಗಿ ಇತ್ತು. ಅದೊಂದು ಸಿಕ್ಕಿದರೆ ‘ಅಜ್ಞಾನ’ ಯಾರದೆಂದು ತೋರಿಸಬಹುದು. ದಾಖಲೆ ಕೋಣೆಯ ಗುಮಾಸ್ತರು ಒಳ್ಳೆಯವರು, ಮೂರು ದಿನ ನನ್ನ ಜೊತೆ ಧೂಳು ತಿಂದರು. ಹಳೆಯ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡಿ ಮೂಲ ಕಾಗದಗಳನ್ನು ನಾಶ ಮಾಡಲಾಗಿದೆಯಂತೆ. ಸ್ಕ್ಯಾನ್ ಮಾಡಿದವರು ಹಾಳೆಯ ಒಂದೇ ಮಗ್ಗುಲು ಹಾಕಿದ್ದಾರೆ. ನಮ್ಮ ಇಲಾಖೆಯ ಅರವತ್ತು ವರ್ಷದ ಚರಿತ್ರೆಯಲ್ಲಿ ಈಗ ಒಂದು, ಮೂರು, ಐದನೆಯ ಪುಟಗಳಿವೆ. ‘ಅರ್ಧ ಉಳಿದಿದೆಯಲ್ಲ ಮೇಡಂ, ಅಷ್ಟಾದ್ರೂ ಪುಣ್ಯ’ ಎಂದರು ಗುಮಾಸ್ತರು.

ಸುತ್ತೋಲೆಯ ಮೊದಲ ಪುಟ ಸಿಕ್ಕಿತು. ಕೊನೆಯ ಸಾಲು ಹೀಗಿದೆ: ‘4. ಚಿತ್ರಗಳು ಸಂದರ್ಶಕರಿಗೆ ಸ್ಪಷ್ಟವಾಗಿ ಕಾಣುವ ಸಲುವಾಗಿ ಕಾವಲುಗಾರನು ಪ್ರತಿ’. ಅಷ್ಟೇ. ಮುಂದಿನದು ಹಿಂದಿನ ಮಗ್ಗುಲಲ್ಲಿ. ನಿರ್ದೇಶಕರ ಮುಂದೆ ಇಟ್ಟೆ. ಕನ್ನಡಕ ಏರಿಸಿ ನೋಡಿದರು. ‘ಪ್ರತಿ... ಏನು? ಪ್ರತಿ ದಿನ ಕಸ ಗುಡಿಸಬೇಕು ಅಂತಾನೂ ಇರಬಹುದಲ್ಲ?’

ಹೊರಗೆ ಬಂದು ಜೀಪಿನ ಚಕ್ರಕ್ಕೆ ಒದ್ದೆ. ಕಾಲ್ಬೆರಳು ಊದಿಕೊಂಡಿದೆ. ನಲವತ್ತೈದು ವರ್ಷದ ಹೆಂಗಸು. ನೀನು ಕಾಲು ಮುರಿದುಕೊಂಡದ್ದು ಮೆಟ್ಟಿಲಿನಿಂದ, ನಾನು ಸಿಟ್ಟಿನಿಂದ. ಅಪ್ಪನ ತಗಡಿನ ಪೆಟ್ಟಿಗೆಯಲ್ಲಿ ಅವರ ನೇಮಕಾತಿ ಕಾಗದಗಳ ಜೊತೆ ಆ ಸುತ್ತೋಲೆಯ ಪ್ರತಿ ಇರಬಹುದು. ಅವರಿಗೆ ಗೊತ್ತಾಗದ ಹಾಗೆ ನೋಡು ಎಂದು ಬರೆಯಲು ಹೊರಟಿದ್ದೆ. ಈಗ ಯೋಚಿಸಿದರೆ, ಗೊತ್ತಾಗದ ಹಾಗೆ ಏಕೆ? ಅವರನ್ನೇ ಕೇಳು. ಕೊಡದಿದ್ದರೆ ಬಿಡು.

ಬಾವನಿಗೆ ನನ್ನ ನಮಸ್ಕಾರ, ಅವರ ಅಡುಗೆಗೆ ನನ್ನ ಸಂತಾಪ. ನಿನ್ನ ಮಗಳ ಪರೀಕ್ಷೆ ಚೆನ್ನಾಗಿ ಆಗಲಿ. ಬರೆಯುವಾಗ ಅವಸರ ಬೇಡ, ಬರೆದ ಮೇಲೆ ಒಮ್ಮೆ ತಿರುಗಿ ಓದು ಎಂದು ಅವಳಿಗೆ ಹೇಳು. ಇದು ಚಿಕ್ಕಮ್ಮನ ಆಶೀರ್ವಾದ ಎಂದೇ ಹೇಳು. ನೀನು ಹುಷಾರಾಗಿ ನಡೆ. ಅಪ್ಪನನ್ನು ಮಾತಾಡು ಮಾತಾಡು ಎಂದು ಪೀಡಿಸಬೇಡ, ಪಕ್ಕದಲ್ಲಿ ಸುಮ್ಮನೆ ಕುಳಿತಿರು. ನಿನಗೆ ಅದು ಕಷ್ಟ ಎಂದು ಗೊತ್ತು.

ನಿನ್ನ
ಮೇಡಂ ಅಲ್ಲದ ತಂಗಿ

ಮರೆತ ಮಾತು: ಮರೆತದ್ದಲ್ಲ. ನಾಲ್ಕು ಸಲ ಹರಿದದ್ದು ಇದಕ್ಕಾಗಿಯೇ.

ಬೋರ್ಡಿನ ಬುಡದಲ್ಲಿ, ತೀರಾ ಸಣ್ಣ ಅಕ್ಷರದಲ್ಲಿ, ‘ಆಧಾರ’ ಎಂದು ಒಂದು ಪ್ರಬಂಧ ಮತ್ತು ಅದನ್ನು ಬರೆದವರ ಹೆಸರಿದೆ. ಅದು ನನ್ನ ಹೆಸರು. ಆ ವಾಕ್ಯ ನನ್ನದು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು. ಯಾರೋ ಅದನ್ನು ನಮ್ಮ ಭಾಷೆಗೆ ತಂದು ಗೋಡೆಗೆ ಹಾಕಿದ್ದಾರೆ. ಅನುವಾದದಲ್ಲಿ ಒಂದು ತಪ್ಪೂ ಇಲ್ಲ. ಮೂಲ ಲೇಖಕರು ಬರೆದುಕೊಡಲಿ ಎನ್ನುವಾಗ ನಿರ್ದೇಶಕರು ನನ್ನನ್ನೇ ನೋಡುತ್ತಿದ್ದರು.

ಆಗ ನಾನು ಅಪ್ಪನನ್ನೇ ಕೇಳಿದ್ದೆ, ವಾರಕ್ಕೆ ಎಷ್ಟು ಸಲ ಒರೆಸುತ್ತಿದ್ದಿರಿ, ಎಷ್ಟು ನೀರು ಎಂದು. ಮಗಳು ತಮ್ಮ ಕೆಲಸದ ಬಗ್ಗೆ ಪುಸ್ತಕ ಬರೆಯುತ್ತಿದ್ದಾಳೆ ಎಂದು ಅವರು ಎರಡು ಸಂಜೆ ಕುಳಿತು ಹೇಳಿದರು. ಪೆಟ್ಟಿಗೆಯಿಂದ ಸುತ್ತೋಲೆ ತೆಗೆದು, ‘ನೋಡು, ನನ್ನಷ್ಟಕ್ಕೆ ನಾನು ಮಾಡಿದ್ದಲ್ಲ, ಆರ್ಡರ್ ಇದೆ’ ಎಂದು ಹೆಮ್ಮೆಯಿಂದ ತೋರಿಸಿದ್ದರು. ಹಿಂದಿನ ಮಗ್ಗುಲಲ್ಲಿ ಏನಿತ್ತು ಎಂದು ನನಗೆ ಗೊತ್ತಿರುವುದು ಹಾಗೆ. ‘ಪ್ರತಿ ಗುಂಪಿನ ಮುಂದೆಯೂ ಶುದ್ಧ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸತಕ್ಕದ್ದು.’ ಪ್ರಬಂಧದಲ್ಲಿ ನಾನು ಅದನ್ನು ಹಾಕಲಿಲ್ಲ. ಗವಿಯೊಳಗೆ ಹೋಗಲು ನನಗೆ ಅನುಮತಿ ಕೊಡಬೇಕಾದದ್ದು ಅದೇ ಇಲಾಖೆ. ಇಲಾಖೆಯನ್ನು ಬಿಟ್ಟು ಕಾವಲುಗಾರನನ್ನು ಹಿಡಿದೆ. ಅಪ್ಪ ಇಂಗ್ಲಿಷ್ ಓದುವುದಿಲ್ಲ ಎಂಬ ಧೈರ್ಯವೂ ಇತ್ತು. ಗವಿಗೆ ಬರೋ ದೊಡ್ಡೋರ ಮಾತು ನಮ್ಮ ಮನೇಲಿ ಒಬ್ಬರಿಗಾದ್ರೂ ಅರ್ಥ ಆಗ್ಬೇಕು ಎಂದು, ನಿನ್ನನ್ನು ಕಳಿಸದ ಇಂಗ್ಲಿಷ್ ಶಾಲೆಗೆ ನನ್ನನ್ನು ಕಳಿಸಿದವರು ಅವರೇ ಅಲ್ಲವೇ?

ಅಂದು ಅವರು ಬೋರ್ಡನ್ನೆಲ್ಲ ಗಟ್ಟಿಯಾಗಿ ಓದಿದರು. ಕೊನೆಯ ಸಾಲನ್ನು ಮಾತ್ರ ಮನಸ್ಸಿನಲ್ಲೇ ಓದಿಕೊಂಡರು. ಜೀಪು ಹತ್ತುವ ಮುಂಚೆ ಒಂದೇ ಮಾತು ಹೇಳಿದರು: ‘ನಿನ್ನ ಹೆಸರು ಇನ್ನೂ ಸ್ವಲ್ಪ ದೊಡ್ಡದಾಗಿ ಹಾಕ್ಬೇಕಿತ್ತು ಅವರು.’

ಚುಚ್ಚಿದ್ದೋ, ಮಗಳ ಮೇಲಿನ ಅಕ್ಕರೆಯೋ, ಐದು ವಾರದಿಂದ ಯೋಚಿಸುತ್ತಿದ್ದೇನೆ. ಸುತ್ತೋಲೆ ಹುಡುಕಿದ್ದೆಲ್ಲ ಇನ್ನೊಂದು ಕಾಗದ ಬರೆಯುವುದನ್ನು ತಪ್ಪಿಸಿಕೊಳ್ಳಲು. ಇವತ್ತು ಬೆಳಿಗ್ಗೆ ಬರೆದೆ, ನಿರ್ದೇಶಕರಿಗೆ, ಮೂಲ ಲೇಖಕಿಯಾಗಿ. ಹಾನಿ ನೀರಿನಿಂದಲೇ ಆದದ್ದು, ಅದನ್ನು ಅಳಿಸಲಾರೆ. ಒರೆಸಲು ಹೇಳಿದ್ದು ಇಲಾಖೆ, ಅದು ನನಗೆ ಅಂದೇ ತಿಳಿದಿತ್ತು, ತಿಳಿದೂ ಮುಚ್ಚಿಟ್ಟೆ ಎಂದು ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಬರೆದಿಲ್ಲ. ಅದರ ಪ್ರತಿ ಇದರ ಜೊತೆ ಇದೆ, ಎರಡು ಪುಟ, ಎರಡೂ ಬೇರೆ ಬೇರೆ ಹಾಳೆಯಲ್ಲಿ. ನನ್ನ ಹೆಸರು ಬುಡದಲ್ಲಿದೆ.

ನೀನು ಓದಿ ಹೇಳಬೇಡ, ಅಕ್ಕ. ಅವರ ಕೈಗೇ ಕೊಡು. ಕೊನೆಯ ಸಾಲಿನ ತನಕ ಅವರೇ ಓದುತ್ತಾರೆ.